ಮಕ್ಕಳು ಊರೊಳಗಿನ ಫಾರ್ಮ್‌ಗೆ ಹೋದರೆ ಏನು ಕಲಿಯುತ್ತಾರೆ?

ಶಾಲೆಯಿಂದ ಒಂದು ಚೀಟಿ ಬಂದಿದೆ. ಮುಂದಿನ ವಾರ ಮಕ್ಕಳನ್ನು ನಗರದೊಳಗಿನ ಒಂದು ಫಾರ್ಮ್‌ಗೆ ಹೊರಸಂಚಾರಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಹಳೆಯ ಬಟ್ಟೆ, ಕಾಲು ಪೂರ್ತಿ ಮುಚ್ಚುವ ಶೂ, ಟೋಪಿ, ನೀರಿನ ಬಾಟಲಿ ಕಳಿಸಬೇಕು. ಒಪ್ಪಿಗೆ ಇದ್ದರೆ ಕೆಳಗೆ ಸಹಿ.

ಸಹಿ ಹಾಕಲು ಪೆನ್ನು ತೆಗೆದಾಗಲೇ ಪ್ರಶ್ನೆಗಳು ಶುರುವಾಗುತ್ತವೆ. ಊರೊಳಗೆ ಎಂಥ ಫಾರ್ಮ್? ಒಂದು ದಿನದ ಪಾಠ ಬಿಟ್ಟು ಹೋಗುವಷ್ಟು ಅಲ್ಲಿ ಏನಿದೆ? ಇದು ಪಿಕ್ನಿಕ್ಕಾ, ಪಾಠವಾ? ಮಣ್ಣು ಮುಟ್ಟಿ, ಮೇಕೆ ಮುಟ್ಟಿ ಜ್ವರ ಬಂದರೆ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳೇ. ಒಂದೊಂದಾಗಿ ನೋಡೋಣ.

ನಗರದ ಫಾರ್ಮ್ ಅಂದರೆ ಯಾವುದು?

ಮನೆ, ರಸ್ತೆ, ಕಟ್ಟಡಗಳ ನಡುವೆಯೇ ಬೆಳೆ ಬೆಳೆಯುವ ಅಥವಾ ಪ್ರಾಣಿ ಸಾಕುವ ಜಾಗ ಅದು. ಮನೆಯ ಕುಂಡದಲ್ಲಿ ನಾಲ್ಕು ಗಿಡ ಇದ್ದರೆ ಕೈತೋಟ ಅನ್ನುತ್ತೇವೆ. ಬೆಳೆದದ್ದು ಬೇರೆಯವರ ತಟ್ಟೆಗೂ ಹೋಗುವಷ್ಟಿದ್ದರೆ, ಅದನ್ನು ನೋಡಿಕೊಳ್ಳಲೆಂದೇ ಜನ ಇದ್ದರೆ, ಅದು ಫಾರ್ಮ್.

ಅದರ ರೂಪ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಲಂಡನ್ನಿನ ಕೆಂಟಿಶ್ ಟೌನ್‌ನಲ್ಲಿ ರೈಲು ಹಳಿಯ ಪಕ್ಕದ ಪಾಳು ಜಾಗದಲ್ಲಿ 1972ರಲ್ಲಿ ಒಂದು ಫಾರ್ಮ್ ಶುರುವಾಯಿತು. ಬ್ರಿಟನ್ನಿನ ಮೊದಲ ಸಿಟಿ ಫಾರ್ಮ್ ಎಂದು ಅದನ್ನು ಗುರುತಿಸುತ್ತಾರೆ. ಅಲ್ಲಿ ಕುರಿ, ಮೇಕೆ, ಹಂದಿ, ಕೋಳಿ ಎಲ್ಲ ಇವೆ. ನ್ಯೂಯಾರ್ಕಿನ ಬ್ರೂಕ್ಲಿನ್ ಗ್ರೇಂಜ್ ಶುರುವಾಗಿದ್ದು 2010ರಲ್ಲಿ, ಒಂದು ಕಟ್ಟಡದ ತಾರಸಿಯ ಮೇಲೆ. ಅಲ್ಲಿ ಸುಮಾರು ಒಂದು ಎಕರೆಯಷ್ಟು ಮಣ್ಣು ಹರಡಿ ತರಕಾರಿ ಬೆಳೆಯುತ್ತಾರೆ. ಕ್ಯೂಬಾದ ಹವಾನಾದ ಕಥೆ ಬೇರೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿಗೆ ಇಂಧನ, ಗೊಬ್ಬರ, ಆಹಾರ ಬರುವುದು ತೀರಾ ಕಡಿಮೆಯಾಯಿತು. ಜನ ಊರೊಳಗಿನ ಖಾಲಿ ಜಾಗಗಳಲ್ಲಿ ಮಡಿ ಕಟ್ಟಿ ತರಕಾರಿ ಬೆಳೆದುಕೊಂಡರು. ಇನ್ನು ಕೆಲವು ಫಾರ್ಮ್‌ಗಳಲ್ಲಿ ಮಣ್ಣೇ ಇರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ವಿದ್ಯುತ್ ದೀಪದ ಬೆಳಕಿದೆ, ಗಿಡದ ಬೇರು ನೀರಿನಲ್ಲಿದೆ. ಇದಕ್ಕೆ ಹೈಡ್ರೋಪೋನಿಕ್ಸ್ ಎನ್ನುತ್ತಾರೆ. ಮಣ್ಣಿನಿಂದ ಸಿಗಬೇಕಾದ ಸಾರಜನಕ, ರಂಜಕ, ಪೊಟ್ಯಾಶಿಯಂನಂಥ ಪೋಷಕಾಂಶಗಳನ್ನು ಆ ನೀರಿಗೇ ಬೆರೆಸಿರುತ್ತಾರೆ. ಅದೇ ನೀರು ಮತ್ತೆ ಮತ್ತೆ ಸುತ್ತುವುದರಿಂದ ಹೊಲಕ್ಕಿಂತ ತುಂಬಾ ಕಡಿಮೆ ನೀರು ಸಾಕಾಗುತ್ತದೆ.

ನಿಮ್ಮ ಮಗು ಹೋಗುತ್ತಿರುವುದು ಇದರಲ್ಲಿ ಯಾವ ಥರದ ಜಾಗಕ್ಕೆ ಎಂದು ಶಾಲೆಯನ್ನು ಕೇಳಿ. ಪ್ರಾಣಿಗಳಿರುವ ಫಾರ್ಮ್‌ಗೂ ತಾರಸಿಯ ತರಕಾರಿ ಫಾರ್ಮ್‌ಗೂ ಕಲಿಕೆಯೂ ಬೇರೆ, ಎಚ್ಚರಿಕೆಯೂ ಬೇರೆ.

ಈಗೇಕೆ ಇಷ್ಟು ಮಾತು?

ವಿಶ್ವಸಂಸ್ಥೆಯ 2018ರ ಲೆಕ್ಕದ ಪ್ರಕಾರ ಜಗತ್ತಿನ ಶೇ 55ರಷ್ಟು ಜನ ನಗರಗಳಲ್ಲಿದ್ದರು. 2050ರ ಹೊತ್ತಿಗೆ ಇದು ಶೇ 68 ಆಗಬಹುದು ಎಂಬ ಅಂದಾಜಿತ್ತು. ಅಂದರೆ ಊಟ ಎಲ್ಲಿಂದ ಬರುತ್ತದೆ ಎಂಬುದನ್ನು ಕಣ್ಣಾರೆ ನೋಡದೆ ಬೆಳೆಯುವ ಮಕ್ಕಳು ಜಾಸ್ತಿಯಾಗುತ್ತಿದ್ದಾರೆ. ಹಾಲು ಪ್ಯಾಕೆಟ್ಟಿನಲ್ಲಿ, ಮೊಟ್ಟೆ ಟ್ರೇಯಲ್ಲಿ, ಬಟಾಣಿ ಫ್ರೀಜರಿನಲ್ಲಿ. ಅದರ ಹಿಂದಿನದು ಅವರಿಗೆ ಕಾಣುವುದೇ ಇಲ್ಲ. ದೂರದ ಹಳ್ಳಿಗೆ ಐವತ್ತು ಮಕ್ಕಳನ್ನು ಕರೆದೊಯ್ಯುವುದು ಶಾಲೆಗೆ ಕಷ್ಟ. ಊರೊಳಗೇ ಒಂದು ಫಾರ್ಮ್ ಇದ್ದರೆ ಅರ್ಧ ದಿನದಲ್ಲಿ ಹೋಗಿ ಬರಬಹುದು. ಮತ್ತೊಮ್ಮೆ ಹೋಗಲೂಬಹುದು, ಇದು ಸಣ್ಣ ಮಾತಲ್ಲ.

ಮಕ್ಕಳಿಗೆ ತೋಟದಲ್ಲಿ ಪಾಠ ಹೇಳುವುದು ಹಳೆಯ ಯೋಚನೆಯೇ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಮೂರು ವರ್ಷದ ನಂತರ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಆ ಪದದ ಅರ್ಥವೇ ಮಕ್ಕಳ ತೋಟ. ಹೆಸರಿಗೆ ತಕ್ಕಂತೆ ಮಕ್ಕಳಿಗೆ ಅವರವರದೇ ಪುಟ್ಟ ಮಡಿಗಳಿದ್ದವು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಶಾಲಾ ತೋಟಗಳ ಒಂದು ದೊಡ್ಡ ಚಳವಳಿಯನ್ನೇ ನಡೆಸಿತು. ಲಕ್ಷಾಂತರ ಮಕ್ಕಳು ತರಕಾರಿ ಬೆಳೆದರು. 1995ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಎಂಬ ಅಡುಗೆಯವರು ಒಂದು ಶಾಲೆಯ ಡಾಂಬರು ಹಾಕಿದ ಜಾಗವನ್ನು ತೋಟ ಮಾಡಲು ಹೊರಟರು. ಇಂದು ಅಲ್ಲಿ ತೋಟವೂ ಅಡುಗೆಮನೆಯೂ ತರಗತಿಗಳೇ.

ಫಾರ್ಮ್‌ನೊಳಗೆ ನಡೆಯುವ ಪಾಠ

ಫಾರ್ಮ್‌ನಲ್ಲಿ ನನಗೆ ತುಂಬಾ ಇಷ್ಟದ ಜಾಗ ಕಾಂಪೋಸ್ಟ್ ರಾಶಿ, ಅಂದರೆ ಕಸ ಕೊಳೆತು ಗೊಬ್ಬರವಾಗುವ ಜಾಗ. ನೋಡಲು ಏನೂ ಇಲ್ಲ, ಒಣಗಿದ ಎಲೆ, ತರಕಾರಿ ಸಿಪ್ಪೆ, ಹುಲ್ಲಿನ ಒಂದು ಗುಡ್ಡೆ. ಅದರೊಳಗೆ ಉದ್ದನೆಯ ಥರ್ಮಾಮೀಟರ್ ಚುಚ್ಚಿದರೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಯಾರೂ ಬೆಂಕಿ ಹಾಕಿಲ್ಲ. ಹಾಗಾದರೆ ಈ ಬಿಸಿ ಎಲ್ಲಿಂದ ಬಂತು?

ಮುಚ್ಚಿದ ಸಣ್ಣ ಕೋಣೆಯಲ್ಲಿ ಐವತ್ತು ಮಕ್ಕಳು ಕುಣಿದರೆ ಸ್ವಲ್ಪ ಹೊತ್ತಿಗೆ ಸೆಕೆಯಾಗುತ್ತದೆ ಅಲ್ವಾ? ಇಲ್ಲಿಯೂ ಅದೇ. ರಾಶಿಯೊಳಗೆ ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಎಲೆ, ಸಿಪ್ಪೆಗಳನ್ನು ತಿನ್ನುತ್ತಿವೆ. ತಿಂದದ್ದು ಕರಗುವಾಗ ಶಾಖ ಹೊರಬರುತ್ತದೆ. ಅವುಗಳಿಗೂ ಸಮತೋಲನದ ಊಟ ಬೇಕು. ಒಣ ಎಲೆ, ಕಾಗದ, ಒಣಹುಲ್ಲಿನಲ್ಲಿ ಇಂಗಾಲ ಜಾಸ್ತಿ. ಹಸಿ ಸಿಪ್ಪೆ, ಸಗಣಿಯಲ್ಲಿ ಸಾರಜನಕ ಜಾಸ್ತಿ. ಸುಮಾರು 30 ಭಾಗ ಇಂಗಾಲಕ್ಕೆ 1 ಭಾಗ ಸಾರಜನಕ ಇದ್ದರೆ ಕೆಲಸ ಚುರುಕಾಗಿ ಸಾಗುತ್ತದೆ. ಹಸಿ ಕಸ ಜಾಸ್ತಿಯಾಗಿ, ನೀರು ನಿಂತು, ಗಾಳಿ ಆಡದಿದ್ದರೆ ಗಾಳಿಯಿಲ್ಲದೆ ಬದುಕುವ ಬೇರೆ ಜೀವಿಗಳು ಸೇರಿಕೊಳ್ಳುತ್ತವೆ. ಆಗ ಗಬ್ಬು ವಾಸನೆ. ಆದ್ದರಿಂದಲೇ ರಾಶಿಯನ್ನು ಆಗಾಗ ತಿರುವಿ ಹಾಕುತ್ತಾರೆ. ಈ ಒಂದು ಗುಡ್ಡೆಯ ಮುಂದೆ ನಿಂತು ಜೀವಶಾಸ್ತ್ರ, ರಸಾಯನಶಾಸ್ತ್ರ, ಉಷ್ಣತೆ, ಅನುಪಾತದ ಲೆಕ್ಕ ಎಲ್ಲವನ್ನೂ ಹೇಳಿಕೊಡಬಹುದು. ಮಕ್ಕಳಿಗೆ ನೆನಪಿರುವುದು ಮಾತ್ರ, ರಾಶಿ ತೋಡಿದಾಗ ಮುಖಕ್ಕೆ ತಾಗಿದ ಆ ಬಿಸಿ ಹಬೆ. ಉಳಿದ ಪಾಠವನ್ನು ಆ ನೆನಪಿಗೇ ಕಟ್ಟಬಹುದು.

ಪಕ್ಕದ ತೊಟ್ಟಿಯಲ್ಲಿ ಎರೆಹುಳುಗಳಿರುತ್ತವೆ. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ ಎನ್ನುತ್ತಾರೆ. ಯಾಕೆ? ಎರೆಹುಳುವಿಗೆ ನಮ್ಮಂತೆ ಶ್ವಾಸಕೋಶ ಇಲ್ಲ. ಅದು ಉಸಿರಾಡುವುದು ಚರ್ಮದ ಮೂಲಕ. ಚರ್ಮ ಒದ್ದೆಯಿದ್ದರೆ ಮಾತ್ರ ಗಾಳಿಯ ಆಮ್ಲಜನಕ ಒಳಗೆ ಹೋಗುತ್ತದೆ. ಒಣ ಕೈಯಲ್ಲಿ, ಬಿಸಿಲಲ್ಲಿ ಹಿಡಿದು ನಿಂತರೆ ಅದಕ್ಕೆ ಉಸಿರು ಕಟ್ಟುತ್ತದೆ. ಇಷ್ಟು ಹೇಳಿದರೆ ಸಾಕು, ಹುಳು ಎಂದರೆ ಕಿರುಚುತ್ತಿದ್ದ ಮಗು ಅದನ್ನು ಬೇಗ ಮಣ್ಣಿಗೆ ಬಿಡಬೇಕು ಎಂದು ಒದ್ದಾಡುತ್ತದೆ.

ಕೋಳಿಗೂಡಿನ ಮುಂದೆ ಮಕ್ಕಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಮೊಟ್ಟೆ ತಿಂದರೆ ಮರಿ ಸಾಯುತ್ತದಾ? ಇದಕ್ಕೆ ನೇರವಾದ ಉತ್ತರವಿದೆ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆಯಿಂದ ಮರಿಯಾಗುವುದಿಲ್ಲ. ಹುಂಜದ ಜೊತೆ ಕೂಡಿದ ಮೇಲೆ ಇಟ್ಟ ಮೊಟ್ಟೆಗೆ ಸುಮಾರು 21 ದಿನ ಕಾವು ಸಿಕ್ಕರೆ ಮರಿ. ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಹೊತ್ತು ಹೋಗುವುದು ಚಿಪ್ಪು ಕಟ್ಟಲಿಕ್ಕೇ. ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಬೇಕಾಗುವುದರಿಂದ ಮೊಟ್ಟೆ ಇಡುವ ಹೊತ್ತು ದಿನದಿಂದ ದಿನಕ್ಕೆ ಮುಂದೆ ಹೋಗುತ್ತದೆ. ಹಾಗೆ ಸರಿದೂ ಸರಿದೂ ಕೊನೆಗೆ ಒಂದು ದಿನ ಮೊಟ್ಟೆಯೇ ಇಲ್ಲ. ನಾಲ್ಕನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಗಡಿಯಾರದ ಲೆಕ್ಕ ಇನ್ನೆಲ್ಲಿ ಸಿಗಬೇಕು?

ಮೇಕೆಯ ಹಾಲಿನ ವಿಷಯವೂ ಹಾಗೇ. ಮೇಕೆ ಸುಮ್ನೆ ಹಾಲು ಕೊಡುತ್ತಲೇ ಇರುತ್ತದೆ ಎಂದು ತುಂಬಾ ಮಕ್ಕಳು ಅಂದುಕೊಂಡಿರುತ್ತಾರೆ. ಅದು ಸುಮಾರು ಐದು ತಿಂಗಳು ಗಬ್ಬವಾಗಿದ್ದು, ಮರಿ ಹಾಕಿದ ಮೇಲೆ ಹಾಲು ಇಳಿಯುತ್ತದೆ. ಆ ಹಾಲು ಮೊದಲು ಮರಿಯದು. ಇದನ್ನು ಮುಚ್ಚಿಡದೆ ಹೇಳುವ ಫಾರ್ಮ್ ಒಳ್ಳೆಯ ಫಾರ್ಮ್. ಗಂಡು ಮರಿಗಳು ಏನಾಗುತ್ತವೆ ಎಂದು ಮಗು ಕೇಳಿದರೆ ವಯಸ್ಸಿಗೆ ತಕ್ಕಂತೆ ನಿಜವನ್ನೇ ಹೇಳಬೇಕು. ಹೇಗೆ ಹೇಳುವುದೆಂದು ಶಿಕ್ಷಕರೂ ಫಾರ್ಮ್‌ನವರೂ ಮೊದಲೇ ಮಾತಾಡಿಕೊಂಡಿದ್ದರೆ ಒಳ್ಳೆಯದು.

ಜೇನುಪೆಟ್ಟಿಗೆ ಇದ್ದರೆ ಸಾಮಾನ್ಯವಾಗಿ ದೂರದಿಂದ ಅಥವಾ ಗಾಜಿನ ಹಿಂದಿನಿಂದ ತೋರಿಸುತ್ತಾರೆ. ಬೇಸಿಗೆಯಲ್ಲಿ ಒಂದು ಕೆಲಸಗಾರ ಜೇನುಹುಳುವಿನ ಆಯಸ್ಸು ಸುಮಾರು ಆರು ವಾರ. ಅಷ್ಟರಲ್ಲಿ ಅದು ಕೂಡಿಸುವ ಜೇನುತುಪ್ಪ ಒಂದು ಟೀ ಚಮಚದ ಹನ್ನೆರಡನೇ ಒಂದು ಪಾಲು ಮಾತ್ರ. ಒಂದು ಚಮಚ ಎತ್ತಿ ಹಿಡಿದು, ಇದು ಹನ್ನೆರಡು ಹುಳುಗಳ ಇಡೀ ಜೀವಮಾನದ ದುಡಿಮೆ ಎಂದರೆ ಗಲಾಟೆ ಮಾಡುತ್ತಿದ್ದ ಗುಂಪೂ ಒಂದು ಕ್ಷಣ ಸುಮ್ಮನಾಗುತ್ತದೆ.

ಬರೀ ನೋಡಿ ಬಂದರೆ ಯಾಕೆ ಸಾಲದು

ಹೊರಸಂಚಾರದ ಬಗ್ಗೆ ಸಂಶೋಧಕರು ಗಮನಿಸಿದ ಒಂದು ಸಂಗತಿ ಹೆತ್ತವರಿಗೂ ಶಿಕ್ಷಕರಿಗೂ ತುಂಬಾ ಉಪಯೋಗದ್ದು. 1978ರಲ್ಲಿ ಜಾನ್ ಫಾಕ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ತೀರಾ ಹೊಸ ಜಾಗಕ್ಕೆ ಹೋದ ಮಕ್ಕಳು ಹೇಳಿಕೊಟ್ಟ ಪಾಠವನ್ನು ಕಡಿಮೆ ಕಲಿತಿದ್ದರು. ಜಾಗದ ಪರಿಚಯ ಇದ್ದ ಮಕ್ಕಳಿಗೆ ಪಾಠ ಹೆಚ್ಚು ಹತ್ತಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ನಾವೂ ಗೊತ್ತಿಲ್ಲದ ಮನೆಗೆ ಮೊದಲ ಸಲ ಹೋದಾಗ ಕಣ್ಣು ಗೋಡೆ, ಬಾಗಿಲು, ಜನರ ಮೇಲೇ ಓಡುತ್ತದೆ, ಎದುರಿನವರ ಮಾತು ಅರ್ಧ ಕಿವಿಗೆ ಬೀಳುವುದಿಲ್ಲ. ಮಗುವಿನ ಗಮನವೂ ಅಷ್ಟೇ. ಶೌಚಾಲಯ ಎಲ್ಲಿದೆ, ಆ ನಾಯಿ ಕಚ್ಚುತ್ತದಾ, ಊಟ ಯಾವಾಗ, ಇದರಲ್ಲೇ ಅದು ಖರ್ಚಾಗಿರುತ್ತದೆ.

ಮುಂದೆ ನಿರ್ ಓರಿಯನ್ ಎಂಬ ಸಂಶೋಧಕರು ಈ ಹೊಸತನವನ್ನು ಮೂರಾಗಿ ಬಿಡಿಸಿ ತೋರಿಸಿದರು: ವಿಷಯ ಹೊಸದು, ಜಾಗ ಹೊಸದು, ಆ ದಿನ ಏನೇನು ನಡೆಯುತ್ತದೆ ಎಂಬುದು ಹೊಸದು. ಮೂರನ್ನೂ ಮೊದಲೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರೆ ಕಲಿಕೆಗೆ ಜಾಗ ಸಿಗುತ್ತದೆ. ಇದಕ್ಕೆ ದೊಡ್ಡ ತಯಾರಿ ಬೇಕಿಲ್ಲ. ಫಾರ್ಮ್‌ನ ನಕ್ಷೆ, ನಾಲ್ಕು ಚಿತ್ರ ತೋರಿಸುವುದು. ಎಷ್ಟು ಹೊತ್ತಿಗೆ ಹೊರಡುತ್ತೇವೆ, ಎಷ್ಟು ನಡೆಯಬೇಕು, ಎಲ್ಲಿ ತಿನ್ನುತ್ತೇವೆ ಎಂದು ಹೇಳುವುದು. ತರಗತಿಯಲ್ಲೇ ಒಂದು ಕಾಳು ಮೊಳಕೆ ಬರಿಸಿ ನೋಡುವುದು. ಇಷ್ಟಾದರೂ ಸಾಕು.

ಹೋದ ಮೇಲೆ ಹತ್ತು ಜಾಗ ಸುತ್ತಿಸುವುದಕ್ಕಿಂತ ಒಂದು ಕೆಲಸವನ್ನು ಕೈಯಾರೆ ಮಾಡಿಸುವುದು ಮೇಲು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಸಸಿ ನೆಡುವುದು, ಕಳೆ ಕೀಳುವುದು, ಮಡಿಗೆ ಗೊಬ್ಬರ ಹಾಕುವುದು, ಮೊಟ್ಟೆ ಎಣಿಸಿ ಬರೆಯುವುದು, ಯಾವುದಾದರೂ ಸರಿ. ಅದು ನಿಜವಾದ ಕೆಲಸ ಆಗಿರಬೇಕು, ಆ ದಿನ ಫಾರ್ಮ್‌ಗೆ ಬೇಕಾದದ್ದೇ ಆಗಿರಬೇಕು. ಕಳೆ ಕೀಳುವ ಮಗು ಒಂದೊಂದು ಗಿಡಕ್ಕೂ ನಿರ್ಧಾರ ಮಾಡಬೇಕು: ಇದು ಬೆಳೆಯಾ, ಕಳೆಯಾ? ಎಲೆಯ ಆಕಾರ, ಅಂಚು, ಬೇರು ನೋಡದೆ ಅದು ಆಗುವುದಿಲ್ಲ. ಗಿಡಗಳನ್ನು ಗುರುತಿಸುವ ಪಾಠ ಅಲ್ಲೇ ಆಗಿಹೋಯಿತು. ತರಗತಿಯಲ್ಲಿ ಬಾಯಿ ಬಿಡದ ಕೆಲವು ಮಕ್ಕಳು ಇಂಥ ಕಡೆ ಮುಂದೆ ಬರುತ್ತಾರೆ. ಗಾಲಿಕುರ್ಚಿಯಲ್ಲಿರುವ ಮಗುವಿಗೂ ಕೈಗೆಟುಕುವಂತೆ ಎತ್ತರದ ಮಡಿಗಳನ್ನು ಕಟ್ಟಿರುವ ಫಾರ್ಮ್‌ಗಳಿವೆ. ಆ ಬಗ್ಗೆ ಮೊದಲೇ ವಿಚಾರಿಸಿ.

ವಾಪಸ್ ಬಂದ ಮೇಲಿನ ಕೆಲಸವೂ ಅಷ್ಟೇ ಮುಖ್ಯ. ಕಲಿತದ್ದನ್ನು ಮತ್ತೆ ನೆನೆಸಿಕೊಳ್ಳದಿದ್ದರೆ ಮೊದಲ ಕೆಲವು ದಿನಗಳಲ್ಲೇ ಹೆಚ್ಚಿನದು ಮರೆತುಹೋಗುತ್ತದೆ. ಇದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದರು. ಭೇಟಿಯ ಮಾರನೇ ದಿನ ತರಗತಿಯಲ್ಲಿ ಅರ್ಧ ಗಂಟೆ ಅದರ ಬಗ್ಗೆ ಮಾತಾಡಿ, ಚಿತ್ರ ಬರೆದು, ವಾರದ ನಂತರ ಮತ್ತೊಮ್ಮೆ ಕೇಳಿದರೆ ಪರಿಸ್ಥಿತಿ ಬದಲಾಗುತ್ತದೆ.

ತರಕಾರಿ ತಿನ್ನಲು ಶುರು ಮಾಡುತ್ತಾರಾ?

ಬಹಳ ಹೆತ್ತವರ ಆಸೆ ಇದು. ಎರಡರಿಂದ ಆರು ವರ್ಷದ ಮಕ್ಕಳಿಗೆ ಹೊಸ ತಿಂಡಿಯ ಬಗ್ಗೆ ಭಯ ಜಾಸ್ತಿ. ಇದು ಹಟ ಅಲ್ಲ, ಬೆಳವಣಿಗೆಯ ಒಂದು ಹಂತ. ಒಂದು ಹೊಸ ರುಚಿ ಒಗ್ಗಲು ಹಲವು ಸಲ, ಕೆಲವೊಮ್ಮೆ ಹತ್ತು ಹದಿನೈದು ಸಲ, ಸ್ವಲ್ಪ ಸ್ವಲ್ಪ ಸವಿಯಬೇಕಾಗುತ್ತದೆ. ತಾನೇ ಕಿತ್ತು ತೊಳೆದ ಮೂಲಂಗಿಯನ್ನು ಕಚ್ಚಿ ನೋಡುವ ಧೈರ್ಯ ಮಗುವಿಗೆ ಸುಲಭವಾಗಿ ಬರುತ್ತದೆ, ಅದು ನಿಜ. ಆದರೆ ಒಂದೇ ಭೇಟಿಯಿಂದ ಊಟದ ಅಭ್ಯಾಸ ಬದಲಾಗುತ್ತದೆ ಎಂದು ಕಾಯಬೇಡಿ. ಆ ಮೊದಲ ಸಲ ಫಾರ್ಮ್‌ನಲ್ಲಿ ಆಗಬಹುದು, ಉಳಿದ ಸಲಗಳು ಮನೆಯಲ್ಲೇ ಆಗಬೇಕು.

ಕಾಯಿಲೆಯ ಭಯ: ಎಷ್ಟು ನಿಜ, ಏನು ಮಾಡಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ದನ, ಕುರಿ, ಮೇಕೆಗಳ ಕರುಳಿನಲ್ಲಿ ಇ. ಕೋಲಿ ಒ157 ಎಂಬ ಬ್ಯಾಕ್ಟೀರಿಯಾ ಇರಬಹುದು. ಆ ಪ್ರಾಣಿಗಳಿಗೆ ಅದರಿಂದ ಏನೂ ಆಗುವುದಿಲ್ಲ, ಮೈಕೈ ತುಂಬಿಕೊಂಡೇ ಇರುತ್ತವೆ. ಆದರೆ ಸಗಣಿ, ಹಿಕ್ಕೆಯ ತೀರಾ ಸಣ್ಣ ಕಣ ಮಗುವಿನ ಬಾಯಿಗೆ ಹೋದರೂ ರಕ್ತಭೇದಿ ಆಗಬಹುದು. ಕೆಲವು ಮಕ್ಕಳಲ್ಲಿ ಮೂತ್ರಪಿಂಡಕ್ಕೂ ತೊಂದರೆಯಾಗುತ್ತದೆ. ಐದು ವರ್ಷದೊಳಗಿನವರಿಗೆ ಅಪಾಯ ಹೆಚ್ಚು. 2009ರಲ್ಲಿ ಇಂಗ್ಲೆಂಡಿನ ಒಂದು ಫಾರ್ಮ್‌ಗೆ ಸಂಬಂಧಿಸಿದಂತೆ 93 ಜನ ಹೀಗೆ ಕಾಯಿಲೆ ಬಿದ್ದರು, ಹೆಚ್ಚಿನವರು ಮಕ್ಕಳು.

ಭಯಪಟ್ಟು ಭೇಟಿಯನ್ನೇ ಬಿಡಬೇಕಿಲ್ಲ. ತಡೆಯುವ ದಾರಿ ಸರಳವಾಗಿದೆ, ಅದನ್ನು ತಪ್ಪದೆ ಮಾಡಬೇಕು ಅಷ್ಟೇ. ಪ್ರಾಣಿ ಮುಟ್ಟಿದ ಮೇಲೆ, ಬೇಲಿ ಮುಟ್ಟಿದ ಮೇಲೆ, ತಿನ್ನುವ ಮುಂಚೆ, ಹೊರಡುವ ಮುಂಚೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 20 ಸೆಕೆಂಡು ಕೈ ತೊಳೆಯಬೇಕು. ಸ್ಯಾನಿಟೈಸರ್ ಸಾಲದು. ಕೈಯಲ್ಲಿ ಮಣ್ಣು, ಸಗಣಿ ಮೆತ್ತಿಕೊಂಡಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಇನ್ನೊಂದು ಸೂಕ್ಷ್ಮಜೀವಿಯಂತೂ ಅದಕ್ಕೆ ಬಗ್ಗುವುದೇ ಇಲ್ಲ. ಪ್ರಾಣಿಗಳ ಹತ್ತಿರ ತಿನ್ನಬಾರದು, ಬೆರಳು ಬಾಯಿಗೆ ಹಾಕಬಾರದು, ಪ್ರಾಣಿಗೆ ಮುತ್ತು ಕೊಡಬಾರದು. ಮನೆಗೆ ಬಂದ ಮೇಲೆ ಶೂ ಹೊರಗೇ ಇಟ್ಟು ತೊಳೆಯಿರಿ, ಆಮೇಲೆ ನಿಮ್ಮ ಕೈಯನ್ನೂ ತೊಳೆಯಿರಿ. ಮುಂದಿನ ಎರಡು ವಾರದೊಳಗೆ ಭೇದಿಯಾದರೆ, ಅದರಲ್ಲೂ ರಕ್ತ ಕಂಡರೆ, ಡಾಕ್ಟರ ಹತ್ತಿರ ಹೋಗಿ ಫಾರ್ಮ್‌ಗೆ ಹೋಗಿದ್ದ ವಿಷಯವನ್ನು ಹೇಳಿ. ಜೊತೆಗೆ ಹೋಗುವ ದೊಡ್ಡವರಲ್ಲಿ ಬಸುರಿಯರಿದ್ದರೆ ಮರಿ ಹಾಕುತ್ತಿರುವ ಅಥವಾ ಈಗಷ್ಟೇ ಮರಿ ಹಾಕಿದ ಕುರಿ, ಮೇಕೆಗಳಿಂದ ದೂರ ಇರಬೇಕು. ಆಗ ಹರಡುವ ಕೆಲವು ಸೋಂಕುಗಳು ಗರ್ಭಕ್ಕೆ ಅಪಾಯ. ಜೇನುಹುಳು ಕಡಿತ, ಪರಾಗ, ಪ್ರಾಣಿಯ ಕೂದಲಿಗೆ ಅಲರ್ಜಿ ಇರುವ ಮಗುವಿನ ಮಾಹಿತಿಯನ್ನೂ ಔಷಧಿಯನ್ನೂ ಚೀಟಿಯ ಜೊತೆಗೇ ಕಳಿಸಿ.

ನಗರದ ಮಣ್ಣಿಗೆ ಇನ್ನೊಂದು ತೊಂದರೆ ಇದೆ, ಸೀಸ. ಹಳೆಯ ಬಣ್ಣಗಳಲ್ಲಿ, ಹಿಂದೆ ವಾಹನಗಳ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವುದು ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ. ಮಣ್ಣಿಗೆ ಸೇರಿದ ಸೀಸ ಮಾತ್ರ ಕರಗಿ ಹೋಗುವುದಿಲ್ಲ, ಅಲ್ಲೇ ಕೂತಿರುತ್ತದೆ. ಆದ್ದರಿಂದ ಒಳ್ಳೆಯ ಫಾರ್ಮ್‌ಗಳು ಮಣ್ಣು ಪರೀಕ್ಷೆ ಮಾಡಿಸುತ್ತವೆ, ಇಲ್ಲವೇ ಹೊರಗಿನಿಂದ ಶುದ್ಧ ಮಣ್ಣು ತಂದು ಎತ್ತರದ ಮಡಿಗಳಲ್ಲಿ ಬೆಳೆಯುತ್ತವೆ. ಮಣ್ಣು ಪರೀಕ್ಷೆ ಆಗಿದೆಯಾ ಎಂದು ಕೇಳಲು ಸಂಕೋಚ ಬೇಡ.

ಶಾಲೆಯನ್ನು ಏನು ಕೇಳಬಹುದು?

ಮಕ್ಕಳನ್ನು ಎಷ್ಟು ಜನರ ಗುಂಪು ಮಾಡುತ್ತಾರೆ ಎಂಬುದೇ ಮೊದಲ ಪ್ರಶ್ನೆ. ನಲವತ್ತು ಮಕ್ಕಳು ಒಟ್ಟಿಗೆ ಒಂದು ಮಡಿಯ ಸುತ್ತ ನಿಂತರೆ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ನಂತರ, ಮಗು ಅಲ್ಲಿ ಯಾವ ಕೆಲಸ ಮಾಡುತ್ತದೆ, ಕೈ ತೊಳೆಯಲು ಎಷ್ಟು ನಲ್ಲಿಗಳಿವೆ, ಮಳೆ ಬಂದರೆ ಎಲ್ಲಿ ನಿಲ್ಲುತ್ತಾರೆ, ಮತ್ತೆ ಯಾವಾಗ ಹೋಗುತ್ತಾರೆ. ಬಿತ್ತನೆಗೆ ಒಮ್ಮೆ, ಕಟಾವಿಗೆ ಒಮ್ಮೆ ಹೋಗಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮೂಲಂಗಿಯಂಥ ಬೆಳೆ 25ರಿಂದ 30 ದಿನಗಳಲ್ಲಿ ಕೀಳಲು ಬರುವುದರಿಂದ ಒಂದು ತಿಂಗಳ ಅಂತರದ ಎರಡು ಭೇಟಿ ಸಾಕಾಗುತ್ತದೆ.

ಸಂಜೆ ಮಗು ಮನೆಗೆ ಬಂದಾಗ ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎಂಬ ಒಂದೇ ಪದ ಸಿಗುತ್ತದೆ. ಕೈಯಲ್ಲಿ ಏನು ಮಾಡಿದೆ ಎಂದು ಕೇಳಿ. ಯಾವುದರ ವಾಸನೆ ಇನ್ನೂ ನೆನಪಿದೆ ಎಂದು ಕೇಳಿ. ಒಂದು ಗಾಜಿನ ಲೋಟದ ಒಳಗೋಡೆಗೆ ಒದ್ದೆ ಕಾಗದ ಅಂಟಿಸಿ, ಕಾಗದಕ್ಕೂ ಗಾಜಿಗೂ ನಡುವೆ ಎರಡು ಬೀನ್ಸ್ ಬೀಜ ಸಿಕ್ಕಿಸಿ ಕಿಟಕಿಯ ಹತ್ತಿರ ಇಡಿ. ಒಂದು ಬೀಜವನ್ನು ಬೇಕೆಂದೇ ತಲೆಕೆಳಗಾಗಿ ಇಡಿ. ಬೇರು ಮೊದಲು ಬರುತ್ತದಾ, ಎಲೆ ಮೊದಲು ಬರುತ್ತದಾ? ತಲೆಕೆಳಗಾದ ಬೀಜದ ಬೇರು ಯಾವ ಕಡೆ ತಿರುಗುತ್ತದೆ? ಉತ್ತರವನ್ನು ನೀವು ಹೇಳಬೇಡಿ. ಒಂದು ವಾರದೊಳಗೆ ಮಗುವೇ ಓಡಿಬಂದು ಹೇಳುತ್ತದೆ.